ಕಚ್ಚಿ ಕೇಳುವುದು

ಬೆನ್ನ ಮೇಲೆ ಎಂಬತ್ತು ಗಟ್ಟಿ ಐಸು,
ಎದುರು ಬಾನೆಟ್ಟಿನೊಳಗೆ ಕುದಿ.
ಬೈಕಂಪಾಡಿಯಿಂದ ಹೊರಟವ ಕೂಳೂರು ಸೇತುವೆ ದಾಟುವುದರೊಳಗೆ
ಟೆಂಪರೇಚರಿನ ಮುಳ್ಳು ಕೆಂಪಿಗೆ ಒರಗಿತು,
ಆಯಿಲಿನ ಮುಳ್ಳು ಸೊನ್ನೆಯಲ್ಲಿ ಮಲಗಿತು,
ಕಾಲು ತೆಗೆದರೆ ಸಾಕು, ಲಾರಿ
ಏರಿ ಇಳಿದು, ಏರಿ ಇಳಿದು,
ಈಗ ಸಾಯುತ್ತೇನೆ,
ಇಲ್ಲ, ಈಗಲ್ಲ, ಎನ್ನುತ್ತಿತ್ತು.

ಸೇತುವೆ ಇಳಿದ ಕೂಡಲೇ ಎಡಕ್ಕೆ ಇದಿನಬ್ಬರ ಗ್ಯಾರೇಜು.
ನಾಲ್ಕು ಕಂಬ, ತಗಡು, ಗೇರುಮರದ ಅರ್ಧ ನೆರಳು.
ಕಿವಿ ಹೋಗಿ ಆರು ವರ್ಷ ಅವರಿಗೆ;
ಇಂಜಿನುಗಳು ತೆಗೆದುಕೊಂಡವು, ಸ್ವಲ್ಪ ಸ್ವಲ್ಪವೇ, ಬಡ್ಡಿಯ ಹಾಗೆ.

ನಾನು ಕಿರುಚಿದೆ: ಬೇರಿಂಗಾ? ಗ್ಯಾಸ್ಕೆಟ್ಟಾ? ಬ್ಲಾಕೇ ಹೋಯಿತಾ?
ಅವರು ನನ್ನ ಬಾಯಿ ನೋಡಲೇ ಇಲ್ಲ.
ಡಿಪ್‌ಸ್ಟಿಕ್ಕು ಎಳೆದು, ಒರೆಸಿ, ಇಳಿಸಿ, ಮತ್ತೆ ಎಳೆದು,
"ಆಯಿಲು ಹಾಕಿದ್ದು ಯಾವಾಗ?"
ಎರಡು ಬೆರಳು ಎತ್ತಿದೆ, ತುಸು ಜಂಬದಿಂದ:
ಎರಡು ತಿಂಗಳು, ಒಂದು ಹನಿ ಇಳಿದಿಲ್ಲ.
"ಇಳಿದಿಲ್ಲ ಅಲ್ಲ ಮಾರಾಯ, ಏರಿದೆ.
ಇಷ್ಟು ಪ್ರಾಯದ ಇಂಜಿನು ಆಯಿಲು ಕುಡಿಯದೆ ಇರುವುದುಂಟಾ?
ಏರಿದ್ದನ್ನೆಲ್ಲ ಲಾಭ ಅಂತ ಬರೆದುಕೊಳ್ಳುವವ ನೀನು."
ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿದರು.
ನೂಲು ಬರಲಿಲ್ಲ.
ನನ್ನ ಮೂಗಿಗೆ ಹಿಡಿದರು: ಡೀಸೆಲು.

ಧಕ್ಕೆಯಿಂದ ತಾಂಡೇಲ ಸೋಮಯ್ಯನ ಮೂರನೇ ಫೋನು.
ಐಸಿನ ನೀರು ಬಾಡಿಯ ಸಂದಿಯಿಂದ ಇಳಿದು
ಹಿಂದಿನ ಟಯರಿನ ಬುಡದಲ್ಲಿ ಒಂದು ಸಣ್ಣ ತೋಡು ಮಾಡಿತ್ತು.

ರೇಡಿಯೇಟರಿನ ಹೋಸಿಗೆ ಇಡೀ ಅಂಗೈ ಒತ್ತಿ
ಅವರು ಬೇಕೆಂದೇ ನಿಧಾನ ಎಣಿಸಿದರು, ಐದರ ತನಕ.
"ಕುದಿಯುವುದನ್ನು ಹೀಗೆ ಹಿಡಿಯಲಿಕ್ಕೆ ಆಗ್ತದಾ?"
ಮುಳ್ಳಿನ ವಯರು ತೊಗಲು ಸುಲಿದು ಬ್ಲಾಕಿಗೆ ತಾಗಿತ್ತು.
ಕೆಂಪು, ಬರೇ ಸುಳ್ಳು.
ಹಾಗಾದರೆ ಆಯಿಲಿನ ಮುಳ್ಳೂ ಸುಳ್ಳೇ, ಎಂದು ನನಗೆ ಆಸೆ.
ಅವರು ತಮ್ಮದೇ ಹಿತ್ತಾಳೆಯ ಗೇಜನ್ನು ಬ್ಲಾಕಿಗೆ ತಿರುಗಿಸಿ ಕೂರಿಸಿದರು.
ಅದೂ ಸೊನ್ನೆಯ ಬದಿಯಲ್ಲೇ ನಡುಗಿತು.
"ಮೂವರು ದೂರು ಹೇಳಿದರೆ
ಮೂವರೂ ಸುಳ್ಳು ಹೇಳುವುದಿಲ್ಲ.
ಮೂವರೂ ನಿಜ ಹೇಳುವುದೂ ಇಲ್ಲ."

ಆಮೇಲೆ ಉದ್ದದ ಸ್ಕ್ರೂಡ್ರೈವರ್ ತೆಗೆದು
ಹಿಡಿಯನ್ನು ಹಲ್ಲಲ್ಲಿ ಕಚ್ಚಿದರು,
ತುದಿಯನ್ನು ಓಡುವ ಇಂಜಿನಿಗೆ ಊರಿ ಕಣ್ಣು ಮುಚ್ಚಿದರು.
ದವಡೆ ನಡುಗಿತು. ಗಡ್ಡದ ಬಿಳಿ ಕೂದಲೂ.
ಕ್ರ್ಯಾಂಕಿನ ಬುಡದಲ್ಲಿ ಸ್ವಲ್ಪ ಹೊತ್ತು, ತಲೆ ಅಲ್ಲಾಡಿಸಿದರು:
ಬೇರಿಂಗುಗಳು ಇನ್ನೂ ಮಾತು ಶುರು ಮಾಡಿಲ್ಲ.
ಹೆಡ್ಡಿನಲ್ಲಿ ಸ್ವಲ್ಪ ಹೊತ್ತು.
ಫೀಡ್ ಪಂಪಿಗೆ ತಾಗಿಸಿದರು ನೋಡಿ,
ಹುಳುಕು ಹಲ್ಲಿಗೆ ತಣ್ಣೀರು ಮುಟ್ಟಿದ ಹಾಗೆ ಮುಖ.

"ಮೇಲೆ ಕೊಡಬೇಕಾದ ಡೀಸೆಲನ್ನು ಒಳಗೊಳಗೇ ಕೆಳಗೆ ಬಿಡ್ತಾ ಉಂಟು.
ಸಿಕ್ಕಿದಾಗ ಏರುವುದು, ಸಿಗದಾಗ ಇಳಿಯುವುದು, ಪಾಪ, ಅದು ಎಂತ ಮಾಡುವುದು?
ಆಯಿಲು ನೀರಾದ್ದೂ ಅದರಿಂದಲೇ."

ಬಿಸ್ಕತ್ತಿನ ಡಬ್ಬಿಯಿಂದ ಹಳೆಯ ಪಂಪೊಂದು ಬಂತು.
ಯಾವ ಗುಜರಿ ಲಾರಿಯದ್ದೋ, ಕೇಳಲಿಲ್ಲ.
ಸಂಪಿನ ನಟ್ಟು ಬಿಚ್ಚಿದಾಗ ಕಪ್ಪು ಆಯಿಲು
ಹಗ್ಗವಾಗಿ ಬೀಳಬೇಕಾದ್ದು ಚೆಲ್ಲಾಪಿಲ್ಲಿಯಾಗಿ ಬಿತ್ತು ಡಬ್ಬಕ್ಕೆ.
ಒಂದೆರಡು ಹನಿ ಹಾರಿ ಐಸಿನ ತೋಡಿಗೆ ಬಿದ್ದು
ಬಣ್ಣಬಣ್ಣವಾಗಿ ಗೇರುಮರದ ಬುಡದ ಕಡೆಗೆ ಹೋದವು.

ಸೋಮಯ್ಯ ಬೇರೆಯವರ ಐಸು ತುಂಬಿಸಿಕೊಂಡು ಹೊರಟ ಸುದ್ದಿ ಬಂತು.
ಸಿಟ್ಟು ಬರಲಿಲ್ಲ ನನಗೆ; ಬರಬೇಕಿತ್ತು.
ಅಷ್ಟು ವರ್ಷ ಗಾಜಿನೊಳಗಿನ ಮೂರು ಮುಳ್ಳನ್ನು ನೋಡಿ ಓಡಿಸಿದವ,
ಸ್ಟೇರಿಂಗ್ ಹಿಡಿದ ಕೈಗೆ ಬರುತ್ತಿದ್ದ ನಡುಕವನ್ನು
ರಸ್ತೆಯದ್ದು ಅಂದುಕೊಂಡವ.

ಹೊಸ ಆಯಿಲು. ಸೆಲ್ಫ್ ಹೊಡೆದೆ.
ಕಾಲು ತೆಗೆದೆ. ನಿಂತಿತು, ಅಲುಗದೆ, ಒಂದೇ ಸಮ.
ಅವರು ಸ್ಕ್ರೂಡ್ರೈವರ್ ಕಚ್ಚಿಕೊಂಡೇ
ಬ್ಲಾಕಿನ ಪಕ್ಕದಿಂದ ಹುಬ್ಬು ಹಾರಿಸಿದರು: ಎಷ್ಟು?

ಕಿರುಚಿ ಪ್ರಯೋಜನ ಇಲ್ಲ.
ಕಿಟಕಿಯಿಂದ ಕೈ ಹೊರಗೆ ಹಾಕಿ ತೋರಿಸಿದೆ:
ಒಂದು ಬೆರಳು ನೆಟ್ಟಗೆ,
ಇನ್ನೊಂದು ಅರ್ಧ ಮಡಚಿ.