ತಪಕೀರ ಡಬ್ಬಿ

ಹೆಂಗಸರಿಗೆ ಅರ್ಧ ಟಿಕೀಟು,
ಎಪ್ಪತ್ತೈದು ದಾಟಿದವರಿಗೆ ಸೊನ್ನಿ.
ನನ್ನ ಹೊಟ್ಟಿಗೆ ಯಾವ ಟಿಕೀಟು ಹರೀಬೇಕೋ
ಇನ್ನೂ ತಿಳಿದಿಲ್ಲ.

ಸೊಲ್ಲಾಪುರದ ದವಾಖಾನ್ಯಾಗ ಕತ್ತರಿಸಿ ಹೊಲದು
ಒಂದು ಬಾಳಿಹಣ್ಣಿನಷ್ಟು ಉಳಿಸ್ಯಾರ. ಐದು ತಿಂಗಳಾತು.
ಊಟದ ಲೆಕ್ಕಾ ಹೇಳೋ ಹುಡುಗಿ ಮರಾಠ್ಯಾಗ ಬರದು ಕೊಟ್ಟಾಳ:
ದಿನಕ್ಕ ಅರವತ್ತು ಗ್ರಾಂ ಪ್ರೋಟೀನು,
ಎರಡು ತಾಸಿಗೊಮ್ಮೆ ತಿನ್ನಬೇಕು, ನುರಿಸಿ ನುರಿಸಿ,
ನೀರು ಬ್ಯಾರೆ, ಊಟ ಬ್ಯಾರೆ, ನಡುವ ಅರ್ಧ ತಾಸು.
ಆಕಿಗೇನು ಗೊತ್ತು,
ಮೈಂದರ್ಗಿಯಿಂದ ಸೊಲ್ಲಾಪುರಕ್ಕ
ನಿಂತುಕೊಂಡೇ ಟಿಕೀಟು ಹರಿಯೋರ ಎರಡು ತಾಸು
ಎಷ್ಟು ಉದ್ದ ಇರತಾವ.

ಮೊದಲು ತತ್ತಿ.
ನಮ್ಮ ಮನ್ಯಾಗ ಲಿಂಗ ಕಟ್ಟಿದವರು,
ಡೆಪೋದ ಚಹಾದವನ ಕಡೆ ಕದ್ದು ಕುದಿಸಿಕೊಂಡೆ.
ವಳಸಂಗ ದಾಟೂದ್ರಾಗ ಹಿಂದಿನ ಸೀಟಿನ ಗುರೂಜಿ
ಮೂಗು ಮುಚ್ಚಿ ಕಿಟಕಿ ತೆಗೆದರು.
ನಾನೂ ಅವರ ಜೋಡಿ ಹೊರಗ ನೋಡಿದೆ,
ಯಾರದೋ ಹೊಲದ ವಾಸನಿ ಅನ್ನೂಹಂಗ.

ಪನೀರು ಒಯ್ದೆ. ಮೇ ತಿಂಗಳು, ಇಂಜಿನ್ನಿನ ಬಾಜೂಕ ಚೀಲ.
ಕುಂಭಾರಿಗೆ ಬರೂದ್ರಾಗ ಅದು ಹುಳಿ ಹಿಡಿದಿತ್ತು.
ಮೆಡಿಕಲ್ಲಿನ ಪ್ರೋಟೀನ ಬಾರು, ನೂರಿಪ್ಪತ್ತು ರೂಪಾಯಿ,
ಬೆಲ್ಲದ ಹೆಂಟಿಯಂಥಾ ಸಿಹಿ.
ಹತ್ತು ನಿಮಿಷಕ್ಕ ಮೈಯೆಲ್ಲಾ ಬೆವರು, ಎದಿ ಡವಡವ,
ಕಂಬಿ ಹಿಡಕೊಂಡು ಕಣ್ಣು ಮುಚ್ಚಿ ನಿಂತೆ.
"ಬಾಯಾರ, ನನ್ನ ಚಿಲ್ಲರ?" ಅಂತ ಯಾರೋ ಭುಜ ತಟ್ಟಿದರು.

ಶೇಂಗಾ ಬ್ಯಾಡ.
ಶೇಂಗಾದ ಚೀಲದಾಗ ಹೋದ ಕೈ ತಿರುಗಿ ಬರೂದಿಲ್ಲ.
ಆ ಕೈಯಿಂದನ ನಾನು ನೂರಾ ಹದಿನೆಂಟು ಕಿಲೋ ಆದಾಕಿ.

ಆಗ ಸೀಟುಗಳ ನಡುವ ಅಡ್ಡಾಗಿ ಹಾಯತಿದ್ದೆ.
"ಕಲಶೆಟ್ಟಿ ಬಾಯಿ ಹತ್ತಿದರ ಗಾಡಿ ಒಂದ ಕಡೆ ವಾಲತದ"
ಅಂತ ಕಾಲೇಜಿನ ಹುಡುಗರು ನಗತಿದ್ದರು. ನಾನೂ ನಗತಿದ್ದೆ,
ನಕ್ಕು, ಅಕ್ಕಲಕೋಟದಾಗ ಇಳಿದು
ನಾಲ್ಕು ಮಿರ್ಚಿ ಭಜಿ ತಿನ್ನತಿದ್ದೆ.
ಈಗ ಖಾಕಿ ಅಂಗಿಯೊಳಗ ಗಾಳಿ ತಿರಗತದ.

ಹೋದ ವಾರ ಟಾಯರು ಪಂಕ್ಚರು.
ಮಕಬೂಲ ಮಾಮಾ ಜಾಕು ಹಚ್ಚೂದ್ರಾಗ
ಜನ ಬೇವಿನ ನೆರಳಾಗ ಕುಂತು ಗಂಟು ಬಿಚ್ಚಿದರು.
ಕಡಕ ರೊಟ್ಟಿ, ಝುಣಕಾ, ಮೊಸರು ಬುತ್ತಿ.
"ಬರ್ರಿ ಬಾಯಿ, ಒಂದ ತುತ್ತು. ಒಂದ ತುತ್ತಿಗೆ ಏನಾಗತದ?"
ಒಂದ ತುತ್ತಿಗೆ ಏನೇನು ಆಗತದ ಅಂತ
ಅನ್ನ ಹಿಡಿದ ಕೈಗೆ ಹೆಂಗ ಹೇಳಲಿ?

ಸೊನ್ನಿ ಟಿಕೀಟಿನ ಮುದುಕಿ, ನಾಗಣಸೂರಿನ ನೀಲಗಂಗವ್ವ,
ನನ್ನ ಕಥಿ ಅರ್ಧಾ ಕೇಳಿ
ಉಡಿಯಿಂದ ತಪಕೀರ ಡಬ್ಬಿ ತೆಗೆದಳು.
ಒಳಗ ತಪಕೀರ ಇದ್ದಿಲ್ಲ.
ಪುಠಾಣಿ ಹಿಟ್ಟು. ಜೀರಿಗಿ, ಉಪ್ಪು, ಒಣಗಿಸಿ ಕುಟ್ಟಿದ ಕರಿಬೇವು.
ಮಜ್ಜಿಗಿ ಬಾಟ್ಲಿಗೆ ಎರಡು ಚಮಚಾ ಉದುರಿಸಿ, ಅಲುಗಾಡಿಸಿ,
ಗುಟುಕು ಗುಟುಕು ಕುಡಿದಳು,
ಟಾಯರಿನ ಅವಸರ ಆಕಿಗೆ ಇದ್ದಿಲ್ಲ.
"ನನಗ ಹಲ್ಲಿಲ್ಲ," ಅಂದಳು,
"ನಿನಗ ಹೊಟ್ಟಿ ಇಲ್ಲ. ಇಕಾ, ತಗೋ."

ಇದರಾಗ ಎಷ್ಟು ಗ್ರಾಂ ಅಂತ ಆ ಹುಡುಗೀನ ಕೇಳೀನಿ,
ಆಕಿ ಇನ್ನೂ ಲೆಕ್ಕಾ ಹಾಕ್ಲತ್ತಾಳ.
ಅರವತ್ತಾಗೂದಿಲ್ಲ, ಗೊತ್ತದ.
ರಾತ್ರಿ ಹೆಸರಬ್ಯಾಳಿ ಅದ, ಚಹಾದವನ ತತ್ತಿ ಅದ,
ಸುಳ್ಳು ಹೇಳೂದು ಅದ ಅತ್ತಿಗೆ.
ಆದರ ಹನ್ನೊಂದರ ಗಾಡ್ಯಾಗ
ನನ್ನ ಚರ್ಮದ ಚೀಲಕ್ಕ ಕೈ ಹಾಕಿದರ
ಐದರ ನಾಣ್ಯ, ಹತ್ತರ ನಾಣ್ಯ,
ಅವುಗಳ ನಡುವ ತಣ್ಣಗ ಒಂದು ಡಬ್ಬಿ.

ನಿನ್ನೆ ಒಬ್ಬಾಂವ ಟಿಕೀಟು ಮೂಗಿಗೆ ಹಿಡಿದ:
"ಇದೇನ್ರಿ ಬಾಯಿ, ಪುಠಾಣಿ ವಾಸನಿ?"