ಚಿಪ್ಪಿನ ಲೆಕ್ಕ

ಒಳಗೆ ಉಂಡೆ ಕಳಚಿದೆಯೋ ಇಲ್ಲವೋ
ಕಿವಿ ಹತ್ತಿರ ಅಲ್ಲಾಡಿಸಿದರೆ ಗೊತ್ತಾಗುತ್ತೆ.
ಗಡಗಡ ಅಂದರೆ ಒಡಿ. ಸುಮ್ಮನಿದ್ದರೆ
ಮತ್ತೆ ಅಟ್ಟಕ್ಕೆ.
ಹದಿನೆಂಟು ವರ್ಷ ಇದನ್ನೇ ಕೇಳಿದ ಕಿವಿ,
ಬಾಣಾವರದ ಸುಂಕಮ್ಮನ ಕಿವಿ.

ಉಂಡೆ ಸಾಹುಕಾರರಿಗೆ. ಮಟ್ಟೆ ನಾರಿನವನಿಗೆ.
ಕೂಲಿಯ ಮೇಲೆ ಒಂದು ಮಂಕರಿ ಚಿಪ್ಪು
ನಮ್ಮ ನೀರೊಲೆಗೆ.
ಪಾಲು ಕೇಳಲು ಹೋದ ನಮ್ಮತ್ತಿಗೆಗೆ
ಅವಳ ತಮ್ಮ ಕೈಗಿಟ್ಟದ್ದೂ ಅದನ್ನೇ.
ಆ ಮಾತಿಗೆ ಊರಲ್ಲಿ ಬೇರೆ ಅರ್ಥ ಇರಲಿಲ್ಲ.

ಆಮೇಲೆ ದಸ್ತಗೀರ್ ಡಾಂಬರಿನ ಹಳೇ ಡ್ರಮ್ಮು ಆರು ತಂದ,
ರೈಲು ಗೇಟಿನಾಚೆ ನಿಲ್ಲಿಸಿ ಚಿಪ್ಪು ತುಂಬಿ ಬೆಂಕಿ ಕೊಟ್ಟ.
ಎದ್ದಿತು ನೋಡಿ ಹೊಗೆ!
ಇಸ್ಕೂಲು ಬಿಟ್ಟರು. ಒಣಹಾಕಿದ ಪಂಚೆಗಳೆಲ್ಲ ಕಪ್ಪು.
ಪಂಚಾಯ್ತಿ ನೋಟೀಸು ಅಂಟಿಸಿತು.
ಬೈಸಿಕೊಂಡ, ತಲೆ ಕೆರೆದುಕೊಂಡ,
ಮೂರು ತಿಂಗಳು ಮುಖ ತೋರಿಸಲಿಲ್ಲ.

ಬಂದಾಗ ಜೊತೆಗೊಂದು ಮುಚ್ಚಳದ ಗೂಡು, ಉದ್ದನೆ ಕೊಳವೆ,
ಹಾಸನದ ಕಾಲೇಜಿನ ಹುಡುಗಿ ಚಂಪಕಾ.
'ಹೊಗೆ ಅಂದರೆ ಉರಿಯದೆ ಓಡಿಹೋದ ಸೌದೆ, ಅಮ್ಮ.'
ಓಡಿಹೋಗುವುದನ್ನು ಕೊಳವೆಯಲ್ಲಿ ಹಿಡಿದು ತಂದು
ಪಕ್ಕದ ಒಲೆಗೆ ಬಿಟ್ಟರು:
ಶಂಖಪುಷ್ಪದ ಹಾಗೆ ನೀಲಿ. ಮಸಿಯಿಲ್ಲ, ಚಟಚಟ ಇಲ್ಲ.
ಅದರ ಕಾವಿಗೇ ಈಗ ಒಡಕು ಕೊಬ್ಬರಿ ಒಣಗುತ್ತೆ,
ಶ್ರಾವಣದಲ್ಲೂ.
ಕೊಳವೆ ತುದಿಯಲ್ಲಿ ತೊಟ್ಟಿಕ್ಕುವ ಕಪ್ಪು ಎಣ್ಣೆ
ಬೇಲಿಗೂಟಕ್ಕೆ ಬಳಿಯಲು ಕ್ಯಾನುಗಟ್ಟಲೆ ಹೋಗುತ್ತೆ,
ಗೆದ್ದಲು ಹತ್ತುವುದಿಲ್ಲವಂತೆ.

ಬೆಂದ ಇದ್ದಿಲು ಗಾಜಿನ ಬಳೆಯಂತೆ ಕಿಣಿ ಅನ್ನಬೇಕು.
ಮಂಕು ಸದ್ದಾದರೆ ಅರೆಬೆಂದದ್ದು.
ಹೇಳುವವರು ಯಾರು? ಮತ್ತೆ ಈ ಕಿವಿಯೇ.
ಚಂಪಕಾ ಯಂತ್ರವಿಟ್ಟು ಅಳೆದಳು, ನಾನು ತಟ್ಟಿ ಹೇಳಿದೆ.
ಹನ್ನೆರಡು ಚೀಲದಲ್ಲಿ ಹನ್ನೊಂದಕ್ಕೆ ಇಬ್ಬರದೂ ಒಂದೇ ಮಾತು.
ಹನ್ನೆರಡನೆಯದರ ಜಗಳ ಇನ್ನೂ ಮುಗಿದಿಲ್ಲ.

ಲಾರಿ ಹೋಗುವ ಊರಲ್ಲಿ ಇದನ್ನು ಪುಡಿಮಾಡಿ
ನೀರು ಸೋಸುತ್ತಾರಂತೆ. ಚಿನ್ನದ ಗಣಿಯ ರಸದಿಂದ
ಚಿನ್ನವನ್ನೂ ಹಿಡಿದುಕೊಳ್ಳುತ್ತಂತೆ
ನಮ್ಮ ಚಿಪ್ಪು!
ಅತ್ತಿಗೆ ಇದನ್ನು ಎರಡು ಸಲ ಹೇಳಿಸಿಕೊಂಡಳು.

ದರ ಏರಿದ ತಿಂಗಳೇ ಕೂಲಿಯ ಮೇಲಿನ ಮಂಕರಿ ನಿಂತಿತು.
'ನೀರೊಲೆಗೆ?' ಅಂದೆ.
ಸಾಹುಕಾರರು ಕೆಜಿಗೆ ಎಷ್ಟು ಅಂತ ಹೇಳಿದರು.
ಚಿಪ್ಪೂ ಕೈಗೆ ಸಿಗದ ಕಾಲಕ್ಕೆ
ಗಾದೆ ಏನು ಮಾಡುವುದೋ.

ಸಂಜೆ ರೈಲು ಗೇಟಿನಾಚೆ
ಏಳೆಂಟು ಜನ ಕೊಡ ಹೊತ್ತು ಸಾಲು ನಿಲ್ಲುತ್ತೇವೆ,
ಆ ನೀಲಿ ಉರಿಯ ಮುಂದೆ, ಮಕ್ಕಳ ಸ್ನಾನದ ನೀರಿಗೆ.
ದಸ್ತಗೀರ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾನೆ.
ನಮ್ಮ ಲೆಕ್ಕ ಬರೆದಿಲ್ಲ,
ಇನ್ನೂ.