ನಿಶಿವಾಕಿಯವರೇ, ನಾಯಿ ಹಿಡಿದುಕೊಳ್ಳಿ

ಕೆಳಗಿನ ಅಂಚೆ ಡಬ್ಬಿಯ ಮೇಲೆ
ನಿಮ್ಮ ಹೆಸರಿನ ಚೀಟಿ ಇನ್ನೂ ಇದೆ.
ಕೀಳಲು ಹೋದೆ, ಅರ್ಧಕ್ಕೇ ಹರಿಯಿತು.
‘ಪಡುವಣ’ ಅನ್ನುವ ಅಕ್ಷರ ಉಗುರಿಗೆ ಬಂತು,
‘ಮಗ್ಗುಲು’ ಅನ್ನುವುದು ಅಲ್ಲೇ ಉಳಿಯಿತು.

ನಾನು ಇನ್ನೂರ ಮೂರಕ್ಕೆ ಹೊಸಬಳು.
ನರಾನ್‌ಗೆರೆಲ್, ಅಂದರೆ ಬಿಸಿಲು.
ಅರ್ಜಿಯಲ್ಲಿ ಬಿಸಿಲಿಗೆ ಐದೇ ಚೌಕ,
ಕೊನೆಯ ಅಕ್ಷರ ಅಂಚಿನಾಚೆ ಬಿತ್ತು.
ಮನೆತನದ ಹೆಸರು? ಅಂದರು.
ಅಪ್ಪನ ಹೆಸರಿದೆ ಅಂದೆ.
ಹಾಗಾದರೆ ಅಪ್ಪ ಜಾಮೀನು ಹಾಕುತ್ತಾರಾ?
ಅಪ್ಪ ತೀರಿಕೊಂಡು ಒಂಬತ್ತು ವರ್ಷ.

ಅಮಗಾಸಾಕಿ ಸ್ಟೇಷನ್ನಿನ ಹಿಂದೆ, ಏಜೆನ್ಸಿಯಲ್ಲಿ,
ಕುವಾಬಾರಾ ಅಂತ ಒಬ್ಬ ಹುಡುಗ, ಟೈ ತುಸು ಉದ್ದ,
ನನ್ನೆದುರೇ ಫೋನು ಮಾಡುತ್ತಿದ್ದ.
“ಹೌದು, ಹೊರದೇಶದವರು. ಇಲ್ಲ, ಭಾಷೆ ಬರುತ್ತದೆ.
ಇಲ್ಲ, ಒಬ್ಬರೇ. ಅಡುಗೆ ವಾಸನೆಯೇ... ಕೇಳಿ ಹೇಳುತ್ತೇನೆ.”
ಆಚೆಯ ದನಿ ನನಗೂ ಕೇಳಿಸುತ್ತಿತ್ತು,
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ
ನನ್ನನ್ನು ತೆಗೆದಿಡುತ್ತಿತ್ತು.
ಫೋನಿಟ್ಟು ಅವನು ತಲೆ ಬಾಗುತ್ತಿದ್ದ,
ಮನೆಗೊಂದು ಸಲ. ಹದಿನೇಳು ಸಲ.
ಕೊನೆಕೊನೆಗೆ ಅವನ ಕುತ್ತಿಗೆಯದೇ ಚಿಂತೆ ನನಗೆ.

ಮುಖ ನೋಡಿ ಮಣೆ ಹಾಕುವವರಾದರೂ
ಮುಖವನ್ನಷ್ಟು ನೋಡುತ್ತಾರೆ.

ಒಬ್ಬಾಕೆ ಒಪ್ಪಿದ್ದಳು. ಕೃತಜ್ಞತೆಯ ಹಣ ಎರಡು ತಿಂಗಳಿನದು,
ಇನ್ನೂ ಕೊಡದ ಮನೆಗೆ ಮೊದಲೇ ಕೃತಜ್ಞತೆ.
ಜಾಮೀನು ಕಂಪನಿ ತಡೆಯಿತು:
ಆಪತ್ತಿಗೆ ಈ ದೇಶದವರೊಬ್ಬರ ನಂಬರು ಬೇಕು.
ನನಗೆ ಗೊತ್ತಿರುವ ಈ ದೇಶದವರು
ರಾತ್ರಿ ಪಾಳಿಯಲ್ಲಿ, ಊಟದ ಡಬ್ಬಿಗಳ ಕಾರ್ಖಾನೆಯಲ್ಲಿ,
ಎದುರು ನಿಂತು ಕ್ಯಾರೆಟ್ಟನ್ನು ಹೂವಾಗಿ ಕತ್ತರಿಸುವ ಮೂವರು,
ಮಾಸ್ಕಿನ ಮೇಲಿನ ಮೂರು ಜೊತೆ ಕಣ್ಣು.
ಒಬ್ಬರಿಗೆ ಎಡಗೈ ಚುರುಕು.
ಅದನ್ನು ಬರೆಯಲು ಚೌಕ ಇರಲಿಲ್ಲ.

ನಮ್ಮಜ್ಜಿಯದು ಹುಲ್ಲುಗಾವಲಲ್ಲಿ ಉಣ್ಣೆಯ ದುಂಡು ಡೇರೆ.
ಬಾಗಿಲು ತಟ್ಟಬಾರದು. ದೂರದಿಂದಲೇ ಕೂಗಬೇಕು:
ನಾಯಿ ಹಿಡಿದುಕೊಳ್ಳಿ!
ನಾಯಿ ಇಲ್ಲದಿದ್ದರೂ. ಅದೇ ನಮಸ್ಕಾರ.
ಯಾರು ಅಂತ ಕೇಳುವ ಮೊದಲೇ
ಅಜ್ಜಿ ಚಹಾಕ್ಕೆ ಉಪ್ಪು ಹಾಕಿ ಆಗಿರುತ್ತಿತ್ತು.

ಸತ್ತವರ ಹತ್ತಿರ ಸುಳ್ಳೇಕೆ, ನಿಶಿವಾಕಿಯವರೇ?
ಉಲಾನ್‌ಬಾತರಿನಲ್ಲಿ ಚಿಕ್ಕಮ್ಮನ ಮಹಡಿ ಖಾಲಿಯಿತ್ತು.
‘ಚೀನೀಯರಿಗೆ ಕೊಡುವುದಿಲ್ಲ’ ಎಂಬ ಬೋರ್ಡನ್ನು
ದುಂಡಗೆ ಬರೆದುಕೊಟ್ಟವಳು ನಾನೇ.
ಹದಿಮೂರು ವರ್ಷ ಆಗ. ಅಕ್ಷರ ಚೆನ್ನಾಗಿದೆ
ಅಂತ ಒಂದು ಚಾಕಲೇಟು ಸಿಕ್ಕಿತು.

ಹದಿನೆಂಟನೆಯದಕ್ಕೆ ಕುವಾಬಾರಾ ಫೋನು ಎತ್ತಲಿಲ್ಲ.
ದನಿ ತಗ್ಗಿಸಿದ. “ಒಂದಿದೆ. ವಿಷಯ ಹೇಳಲೇಬೇಕು, ನಿಯಮ.”
ಜುಲೈ. ಮೂರು ವಾರ. ಬಾಗಿಲಲ್ಲಿ ಪತ್ರಿಕೆಗಳ ರಾಶಿ.
“ಹೊರಗಿನವರಿಗೆ ಇದೆಲ್ಲ ಪರವಾಗಿಲ್ಲ, ಅಲ್ಲವೇ?”
ಬಾಡಿಗೆ ಅರ್ಧ. ಕೃತಜ್ಞತೆ ಬೇಕಿಲ್ಲ.

ನಿಮಗೂ ಕೊಟ್ಟಿರಲಿಲ್ಲವಂತೆ.
ಎಪ್ಪತ್ತೆಂಟು, ಒಂಟಿ, ನಾಳೆ ಏನಾದರೂ ಆದರೆ ಅಂತ
ಹನ್ನೊಂದು ಮನೆಯವರು ಕದ ಮುಂದೆ ಮಾಡಿದ್ದರಂತೆ.
ನಿಮಗೆ ಹನ್ನೊಂದು, ನನಗೆ ಹದಿನೇಳು.
ಊರಿನವರಿಗೆ ಅಷ್ಟಾದರೂ ರಿಯಾಯಿತಿ ಬೇಡವೇ?

ಆರು ಚಾಪೆಯ ಕೋಣೆ. ಐದು ಹಳದಿಗಟ್ಟಿವೆ.
ಕಿಟಕಿಯ ಬಳಿಯದೊಂದು ಹೊಸದು, ಹಸಿರು.
ಅದೊಂದನ್ನೇ ಯಾಕೆ ಬದಲಿಸಿದರೆಂದು ನಾನು ಕೇಳಲಿಲ್ಲ.
ಎರಡು ರಾತ್ರಿ ಅದನ್ನು ಬಳಸಿಕೊಂಡು ನಡೆದೆ,
ಕೆರೆಯ ದಡದಲ್ಲಿ ನಡೆದಂತೆ.
ಮೂರನೆಯ ಬೆಳಗ್ಗೆ ಪಾಳಿ ಮುಗಿಸಿ ಬಂದವಳು
ಕಾಲು ಸೋತು ಅದರ ಮೇಲೇ ಬಿದ್ದುಕೊಂಡೆ.
ಹುಲ್ಲಿನ ವಾಸನೆ. ಕೋಣೆಯಲ್ಲೆಲ್ಲ ಅಲ್ಲಿ ಮಾತ್ರ.
ಕ್ಷಮಿಸಿ. ಚೆನ್ನಾಗಿ ನಿದ್ದೆ ಬಂತು.

ಈಗ ದಿನಾ ಕೀಲಿ ತಿರುಗಿಸುವ ಮೊದಲು,
ಪಕ್ಕದವರಿಗೆ ಕೇಳಿಸದ ಹಾಗೆ,
ನನ್ನ ಭಾಷೆಯಲ್ಲಿ ಅದನ್ನೇ ಹೇಳುತ್ತೇನೆ.
ನಾಯಿ ಸಾಕುವಂತಿಲ್ಲ, ಕರಾರಿನಲ್ಲಿದೆ, ಗೊತ್ತು.

ಅಂದಹಾಗೆ ನಿಮಗೊಂದು ಕಾಗದ ಬಂದಿದೆ,
ಕನ್ನಡಕದ ಅಂಗಡಿಯಿಂದ. ಹೊಸ ಗಾಜು ಸಿದ್ಧವಾಗಿದೆಯಂತೆ.
ಗುರುವಾರ ನನಗೆ ರಜೆ.